ಜಮೀನು ಹೆಂಡತಿಯದು, ಬೇಸಾಯ ಇಬ್ಬರದು

ಥಾಯ್ಲೆಂಡಿನ ಭೂದಾಖಲೆ ಕಚೇರಿಗೆ ಜಮೀನು ನೋಂದಣಿಗೆಂದು ಬರುವ ಕೆಲವು ದಂಪತಿ ಒಂದು ಹೆಚ್ಚುವರಿ ಕಾಗದಕ್ಕೂ ಸಹಿ ಹಾಕಬೇಕು. ಹೆಂಡತಿ ಥಾಯ್, ಗಂಡ ವಿದೇಶಿ. ಈ ಜಮೀನಿಗೆ ಕೊಟ್ಟ ಹಣವೆಲ್ಲ ಹೆಂಡತಿಯ ಸ್ವಂತದ್ದು, ಇದು ಗಂಡ-ಹೆಂಡಿರ ಜಂಟಿ ಆಸ್ತಿಯಲ್ಲ ಎಂದು ಇಬ್ಬರೂ ಅಧಿಕಾರಿಯ ಎದುರು ಬರೆದುಕೊಡುತ್ತಾರೆ. ಆ ಹಣ ಎಷ್ಟೋ ಸಲ ಬಂದಿರುವುದು ಯಾರ್ಕ್‌ಷೈರಿನಲ್ಲೋ ಬವೇರಿಯಾದಲ್ಲೋ ಜೀವಮಾನವಿಡೀ ದುಡಿದವನ ಉಳಿತಾಯದಿಂದ. ಆದರೂ ಆತ ಸಹಿ ಹಾಕುತ್ತಾನೆ. ಹಾಕಿ ಬಂದು, ತನ್ನ ಹೆಸರಿನಲ್ಲಿಲ್ಲದ ಆ ಗದ್ದೆಗೆ ಬದು ಕಟ್ಟಿಸುವುದರಲ್ಲಿ, ಹೊಂಡ ತೋಡಿಸುವುದರಲ್ಲಿ, ದನಗಳಿಗೆ ಹುಲ್ಲು ಬೆಳೆಸುವುದರಲ್ಲಿ ಉಳಿದ ಆಯುಷ್ಯ ಕಳೆಯುತ್ತಾನೆ.

ಈಶಾನ್ಯ ಥಾಯ್ಲೆಂಡಿನ ಇಸಾನ್ ಸೀಮೆಯಲ್ಲಿ ಇಂಥ ಮನೆಗಳು ಈಗ ಅಪರೂಪವಲ್ಲ. ಇಪ್ಪತ್ತು ಪ್ರಾಂತಗಳ ಈ ಸೀಮೆ ದೇಶದ ಸುಮಾರು ಮೂರನೇ ಒಂದು ಭಾಗ. ಖೋರಾತ್ ಪ್ರಸ್ಥಭೂಮಿಯ ಮರಳು ಮಣ್ಣು, ಅದರಡಿಯಲ್ಲಿ ಕಲ್ಲುಪ್ಪಿನ ಪದರ. ಮೇ ತಿಂಗಳಿಂದ ಅಕ್ಟೋಬರಿನವರೆಗೆ ಮಳೆ, ಆಮೇಲೆ ಆರು ತಿಂಗಳು ಬರಿದೇ ಬಿಸಿಲು. ಜನ ಆಡುವುದು ಹೆಚ್ಚಾಗಿ ಲಾವೊ ನುಡಿ. ಸುರಿನ್, ಬುರಿರಾಮ್, ಸಿ ಸಕೇತ್ ಕಡೆ ಖ್ಮೇರ್ ಕೂಡ. ಊಟಕ್ಕೆ ಅಂಟಕ್ಕಿ ಅನ್ನ, ಹುದುಗಿಸಿದ ಮೀನು, ಪರಂಗಿಕಾಯಿಯ ಖಾರದ ಕೋಸಂಬರಿ. ದೇಶದ ಬಡ ಸೀಮೆ ಎಂದೇ ಹೆಸರಾದ ಇಲ್ಲಿ ಇಂಗ್ಲಿಷರು, ಜರ್ಮನ್ನರು, ಡಚ್ಚರು, ಸ್ವಿಸ್ಸರು, ಸ್ಕ್ಯಾಂಡಿನೇವಿಯದವರು, ಆಸ್ಟ್ರೇಲಿಯದವರು, ಅಮೆರಿಕನ್ನರು ಹತ್ತಿಪ್ಪತ್ತು ರೈ ಹಿಡುವಳಿಯ ಸಣ್ಣ ರೈತರಾಗಿ ಬಾಳುತ್ತಿದ್ದಾರೆ. ಒಂದು ರೈ ಎಂದರೆ 1,600 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 16 ಗುಂಟೆ. ಊರಿನವರು ಇವರನ್ನು ಕರೆಯುವುದು ಫರಂಗ್ ಎಂದು.

ಹೊರಗಿನವನು ಈ ನೆಲದಲ್ಲಿ ಬೇಸಾಯ ಮಾಡಬಹುದೇ ಎಂಬುದು ಹಳೆಯ ಪ್ರಶ್ನೆ. 1855ರಲ್ಲಿ ಬ್ರಿಟಿಷ್ ದೂತ ಜಾನ್ ಬೌರಿಂಗ್ ರಾಜ ಮೊಂಗ್‌ಕುಟ್‌ನ ಆಸ್ಥಾನದೊಂದಿಗೆ ಮಾಡಿಕೊಂಡ ಒಪ್ಪಂದದಲ್ಲೇ ಅದಕ್ಕೆ ಒಂದು ಉತ್ತರವಿತ್ತು. ಬ್ಯಾಂಕಾಕಿನ ಕೋಟೆಗೋಡೆಯಿಂದ ನಾಲ್ಕು ಮೈಲಿಯೊಳಗೆ ನೆಲ ಕೊಳ್ಳಬೇಕಾದರೆ ಬ್ರಿಟಿಷ್ ಪ್ರಜೆ ಹತ್ತು ವರ್ಷ ಅಲ್ಲಿ ವಾಸವಿದ್ದಿರಬೇಕು, ಇಲ್ಲವೇ ವಿಶೇಷ ಅನುಮತಿ ಪಡೆಯಬೇಕು. ಅದರಾಚೆ, ದೇಶಿ ದೋಣಿ ಇಪ್ಪತ್ನಾಲ್ಕು ಗಂಟೆಯಲ್ಲಿ ಸಾಗುವಷ್ಟು ದೂರದವರೆಗೆ ಮನೆ, ಹೊಲ, ತೋಟ ಯಾವುದನ್ನೂ ಕೊಳ್ಳಬಹುದು. ಕೊಂಡವನು ಬಂಡವಾಳವಿಲ್ಲದೆ ಮೂರು ವರ್ಷದೊಳಗೆ ಕೃಷಿ ಆರಂಭಿಸದಿದ್ದರೆ ಸರ್ಕಾರ ಹಣ ಹಿಂದಿರುಗಿಸಿ ನೆಲ ವಾಪಸು ಪಡೆಯಬಹುದು. ದೂರವನ್ನು ದೋಣಿಯ ವೇಗದಲ್ಲಿ ಅಳೆದ ಆ ಕರಾರಿನಲ್ಲಿ ಇಸಾನ್‌ಗೆ ಜಾಗವೇ ಇರಲಿಲ್ಲ. ಆ ಪ್ರಸ್ಥಭೂಮಿಗೆ ಬ್ಯಾಂಕಾಕಿನಿಂದ ದೋಣಿ ಹೋಗುತ್ತಿರಲಿಲ್ಲ. ಕಾಡುಬೆಟ್ಟ ಹತ್ತಿ, ಎತ್ತಿನ ಗಾಡಿಯಲ್ಲಿ ಹೋಗಬೇಕಿತ್ತು.

ಮುಂದೆ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. 1954ರ ಭೂಸಂಹಿತೆ ವಿದೇಶಿಯರ ಒಡೆತನವನ್ನು ದೇಶದೇಶಗಳ ನಡುವಣ ಒಪ್ಪಂದಗಳಿಗೆ ಕಟ್ಟಿಹಾಕಿತು. 1970ರ ಹೊತ್ತಿಗೆ ಆ ಒಪ್ಪಂದಗಳೂ ಕೊನೆಗೊಂಡವು. 1979ರ ರಾಜಾಜ್ಞೆ ವಿದೇಶಿಯರಿಗೆ ನಿಷಿದ್ಧವಾದ 39 ಕಸುಬುಗಳನ್ನು ಪಟ್ಟಿ ಮಾಡಿದಾಗ ಕೃಷಿ, ಪಶುಪಾಲನೆ ಅದರಲ್ಲಿ ಸೇರಿದವು. 1999ರ ವಿದೇಶಿ ವ್ಯವಹಾರ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಭತ್ತದ ಬೇಸಾಯ, ತೋಟಗಾರಿಕೆ, ಪಶುಸಾಕಣೆ ಎಲ್ಲವೂ ಇವೆ. ಇದನ್ನು ಕೇವಲ ಕಾಠಿನ್ಯವೆಂದು ತಿಳಿಯಬಾರದು. ಭಾರತದಲ್ಲಿಯೂ ವಿದೇಶಿ ಪ್ರಜೆ ಕೃಷಿ ಭೂಮಿ ಕೊಳ್ಳುವಂತಿಲ್ಲ. ಕರ್ನಾಟಕದಲ್ಲಿ ರೈತನಲ್ಲದವನು ಹೊಲ ಕೊಳ್ಳದಂತೆ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳು 2020ರ ತಿದ್ದುಪಡಿಯವರೆಗೂ ತಡೆದಿದ್ದವು. ಉಳುವವನ ಕೈಯಿಂದ ನೆಲ ಜಾರಬಾರದೆಂಬ ಕಾಳಜಿ ಎರಡು ಕಡೆಯೂ ಒಂದೇ.

ಆದರೂ ಹೊರಗಿನವರ ಬೇಸಾಯ ಥಾಯ್ಲೆಂಡಿಗೆ ಹೊಸತೇನಲ್ಲ. ಬ್ಯಾಂಕಾಕಿನ ಸುತ್ತ ಸೊಪ್ಪು ತರಕಾರಿ ಬೆಳೆದು ಹಂದಿ ಸಾಕಿದವರು ಚೀನೀಯರು. ನಗರದ ಅಂಚಿನಲ್ಲಿ ಹಸು ಕಟ್ಟಿ ಮನೆಮನೆಗೆ ಹಾಲು ಹಾಕಿದವರು ಭಾರತೀಯರು. ಥಾಯ್ಲೆಂಡಿನ ಹೈನುಗಾರಿಕೆಯ ಚರಿತ್ರೆ ಶುರುವಾಗುವುದೇ ಅವರಿಂದ. ಮೆಕಾಂಗ್ ದಂಡೆಯ ನಖೋನ್ ಫನೋಮ್‌ನಲ್ಲಿ, ಒಳನಾಡಿನ ಉಡೋನ್ ಥಾನಿಯಲ್ಲಿ ವಿಯೆಟ್ನಾಮಿ ಕುಟುಂಬಗಳು ನೆಲೆಸಿದ್ದವು. 1928-29ರಲ್ಲಿ ಹೋ ಚಿ ಮಿನ್ ತಲೆಮರೆಸಿಕೊಂಡು ಬಂದು ಇದ್ದದ್ದು ಈ ವಲಸಿಗರ ನಡುವೆಯೇ. ನಖೋನ್ ಫನೋಮಿನ ನಾ ಚೋಕ್ ಎಂಬ ಹಳ್ಳಿಯಲ್ಲಿ ಆತ ತಂಗಿದ್ದ ಮನೆಯ ನೆನಪನ್ನು ಇಂದೂ ಕಾಪಾಡಿಕೊಂಡು ಬಂದಿದ್ದಾರೆ.

ಪಾಶ್ಚಾತ್ಯ ರೈತನ ಅನುಭವ ಸರ್ಕಾರದ ಆಹ್ವಾನದಿಂದಲೇ ಬಂದ ಒಂದು ಪ್ರಸಂಗವೂ ಇದೆ. 1960ರಲ್ಲಿ ಡೆನ್ಮಾರ್ಕಿಗೆ ಭೇಟಿಯಿತ್ತ ರಾಜ ಭೂಮಿಬೋಲ್ ಅಲ್ಲಿನ ಹೈನು ವ್ಯವಸ್ಥೆಯನ್ನು ಕಂಡು ಮೆಚ್ಚಿದರು. ಎರಡೂ ದೇಶಗಳ ಒಪ್ಪಂದವಾಗಿ, ಬ್ಯಾಂಕಾಕಿನಿಂದ ಇಸಾನ್‌ಗೆ ಏರುವ ದಾರಿಯಲ್ಲಿರುವ ಸರಾಬುರಿ ಪ್ರಾಂತದ ಮುವಾಕ್ ಲೆಕ್‌ನಲ್ಲಿ ಥಾಯ್-ಡ್ಯಾನಿಶ್ ಹೈನು ಕ್ಷೇತ್ರ ತಲೆಯೆತ್ತಿತು. 1962ರ ಜನವರಿ 16ರಂದು ಭೂಮಿಬೋಲ್ ಮತ್ತು ಡೆನ್ಮಾರ್ಕಿನ ರಾಜ ಒಂಬತ್ತನೇ ಫ್ರೆಡರಿಕ್ ಜೊತೆಯಾಗಿ ಅದನ್ನು ಉದ್ಘಾಟಿಸಿದರು. ಇದರ ಹಿಂದೆ ನಿಂತು ದುಡಿದವರು ಡ್ಯಾನಿಶ್ ಕೃಷಿ ತಜ್ಞ ಗುನ್ನಾರ್ ಸೊಂಡರ್‌ಗಾರ್ಡ್. 1971ರಲ್ಲಿ ಕ್ಷೇತ್ರ ಥಾಯ್ ಸರ್ಕಾರದ ಕೈಸೇರಿತು. ಹಾಲು ಕುಡಿಯುವ ರೂಢಿಯೇ ಅಷ್ಟಾಗಿ ಇಲ್ಲದಿದ್ದ ದೇಶದಲ್ಲಿ ಸಣ್ಣ ರೈತನ ಕೊಟ್ಟಿಗೆಗೆ ಹಾಲಿನ ಹಸು ಬಂದದ್ದು ಹೀಗೆ.

ಅದೇ ದಶಕದಲ್ಲಿ ಇಸಾನ್ ಕಂಡ ಬಹುಪಾಲು ಫರಂಗರು ಮಾತ್ರ ರೈತರಲ್ಲ, ಸೈನಿಕರು. ವಿಯೆಟ್ನಾಂ ಯುದ್ಧಕ್ಕಾಗಿ ಅಮೆರಿಕ ಖೋರಾತ್, ಉಡೋನ್, ಉಬೋನ್, ನಖೋನ್ ಫನೋಮ್‌ಗಳಲ್ಲಿ ವಾಯುನೆಲೆ ಇಟ್ಟಿತ್ತು. 1968-69ರ ಸುಮಾರಿಗೆ ದೇಶದಲ್ಲಿದ್ದ ಅಮೆರಿಕನ್ ಯೋಧರ ಸಂಖ್ಯೆ ಐವತ್ತು ಸಾವಿರದ ಹತ್ತಿರ. ಅಮೆರಿಕದ ನೆರವಿನಿಂದಲೇ ಆದ ಮಿತ್ರಫಾಪ್ ಹೆದ್ದಾರಿ ಆ ಹೊತ್ತಿಗಾಗಲೇ ಪ್ರಸ್ಥಭೂಮಿಯನ್ನು ಬಯಲಿಗೆ ಜೋಡಿಸಿತ್ತು. 1976ರಲ್ಲಿ ಪಡೆಗಳು ಹೊರಟುಹೋದವು. ಕೆಲವರು ಉಳಿದರು, ಕೆಲವರು ವರ್ಷಗಳ ಮೇಲೆ ಹಿಂದಿರುಗಿದರು. ಉಡೋನ್ ಸುತ್ತಿನ ಹಳ್ಳಿಗಳಲ್ಲಿ ಫರಂಗ್ ಅಳಿಯಂದಿರ ಮೊದಲ ತಲೆಮಾರು ಇವರೇ.

ಸೈನಿಕರು ಹೋದರೂ ಹೆದ್ದಾರಿ ಉಳಿಯಿತು. ಅದರ ಮೇಲೆ ಯುರೋಪಿಗೆ ಹೊರಟದ್ದು ಮರಗೆಣಸು. ಯುರೋಪಿನ ಸಾಮಾನ್ಯ ಮಾರುಕಟ್ಟೆಯಲ್ಲಿ ಧಾನ್ಯದ ಬೆಲೆಯನ್ನು ಎತ್ತರದಲ್ಲಿ ಹಿಡಿದಿಟ್ಟಿದ್ದರು. ಮರಗೆಣಸಿನ ಮೇಲಿನ ಸುಂಕವಾದರೋ ಬರೇ ಶೇ. 6. ಹಾಗಾಗಿ ಹಾಲೆಂಡಿನ, ಜರ್ಮನಿಯ ಹಂದಿ-ದನಗಳ ಮೇವಿಗೆ ಇಸಾನ್‌ನ ಒಣಗಿಸಿದ ಗೆಣಸು ಉಂಡೆಗಳಾಗಿ ಹಡಗೇರಿತು. ಸಾವಿರಾರು ಕುಟುಂಬಗಳು ಕಾಡು ಕಡಿದು ಗೆಣಸು ನೆಟ್ಟವು. 1982ರಲ್ಲಿ ಯುರೋಪ್ ಆಮದಿಗೆ ಮಿತಿ ಹಾಕಿಸುವ ತನಕ ಈ ಓಟ ಸಾಗಿತು. ತನ್ನ ಊರಿನ ಕೊಟ್ಟಿಗೆಗೆ ಬರುತ್ತಿದ್ದ ಮೇವಿನ ಮೂಲವನ್ನು ಒಬ್ಬ ಡಚ್ ರೈತ ಕಣ್ಣಾರೆ ಕಾಣುವುದು ಮುಪ್ಪಿನಲ್ಲಿ, ಇಸಾನ್‌ನ ಹೆಂಡತಿಯ ಹೊಲದಲ್ಲಿ ನಿಂತಾಗ. ಆ ಹೊಲದ ಸವೆದ ಮಣ್ಣಿಗೆ ತನ್ನ ಊರಿನ ಬೇಡಿಕೆಯೂ ಒಂದು ಕಾರಣವೆಂದು ಆಗ ಆತನಿಗೆ ತಿಳಿಯುತ್ತದೆ.

ಫರಂಗರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1997ರ ನಂತರ. ಆ ವರ್ಷ ಜುಲೈ 2ರಂದು ಥಾಯ್ ಸರ್ಕಾರ ಬಾತ್ ನಾಣ್ಯವನ್ನು ಮಾರುಕಟ್ಟೆಗೆ ಬಿಟ್ಟಿತು. ಡಾಲರಿಗೆ 25 ಇದ್ದ ಬಾತ್ ಆರೇ ತಿಂಗಳಲ್ಲಿ 50 ದಾಟಿ ಕುಸಿಯಿತು. ಬ್ಯಾಂಕಾಕಿನಲ್ಲಿ ಕೆಲಸ ಕಳೆದುಕೊಂಡ ಇಸಾನ್‌ನವರು ಊರಿಗೆ ಮರಳುತ್ತಿದ್ದ ಹೊತ್ತಿನಲ್ಲೇ ಪೌಂಡು, ಮಾರ್ಕುಗಳ ಪಿಂಚಣಿಗೆ ಇಲ್ಲಿ ದುಪ್ಪಟ್ಟು ಬೆಲೆ ಬಂತು. ಐವತ್ತು ದಾಟಿದವನು ಬ್ಯಾಂಕಿನಲ್ಲಿ ಎಂಟು ಲಕ್ಷ ಬಾತ್ ತೋರಿಸಿದರೆ ವರ್ಷದ ನಿವೃತ್ತಿ ವೀಸಾ ಸಿಗುತ್ತದೆ, ಥಾಯ್ ಹೆಂಡತಿಯಿದ್ದರೆ ನಾಲ್ಕು ಲಕ್ಷ ಸಾಕು. ಪ್ರತಿ 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. 1999ರಲ್ಲಿ ಇನ್ನೊಂದು ಮುಖ್ಯ ಬದಲಾವಣೆಯಾಯಿತು. ಅದುವರೆಗೆ ವಿದೇಶಿಯನ್ನು ಮದುವೆಯಾದ ಥಾಯ್ ಹೆಣ್ಣು ನೆಲ ಕೊಳ್ಳುವ ಹಕ್ಕನ್ನೇ ಕಳೆದುಕೊಳ್ಳುತ್ತಿದ್ದಳು. ಹೊಸ ಸಂವಿಧಾನದ ಸಮಾನತೆಯ ಬಲದಿಂದ ಆ ಅನ್ಯಾಯ ತೊಲಗಿತು. ಅದರ ಜೊತೆಗೆ ಬಂದದ್ದೇ ಮೊದಲು ಹೇಳಿದ ಹೇಳಿಕೆ ಪತ್ರ. 2004ರ ಸುಮಾರಿಗೆ ಸರ್ಕಾರದ ಯೋಜನಾ ಮಂಡಳಿ ನಡೆಸಿದ ಸಮೀಕ್ಷೆ ವಿದೇಶಿಯರನ್ನು ಮದುವೆಯಾದ ಇಸಾನ್ ಹೆಣ್ಣುಮಕ್ಕಳ ಸಂಖ್ಯೆಯನ್ನು 19 ಸಾವಿರಕ್ಕೂ ಮೇಲೆ ಎಂದು ಎಣಿಸಿತು. ಅವರಲ್ಲಿ ಅನೇಕರು ಗಂಡನ ದೇಶಕ್ಕೆ ಹೋದರು. ಡೆನ್ಮಾರ್ಕಿನ ಥೀ ಎಂಬ ಗಾಳಿ ಬೀಸುವ ಮೂಲೆಯಲ್ಲಿ ಇಸಾನ್ ಹೆಣ್ಣುಮಕ್ಕಳ ದೊಡ್ಡ ಬಳಗವೇ ಇದೆ. ಉಳಿದವರು ಗಂಡನನ್ನೇ ತವರಿಗೆ ಕರೆತಂದರು.

ತವರಿಗೆ ಕರೆತರುವುದು ಇಸಾನ್‌ಗೆ ಹೊಸದಲ್ಲ. ಇಲ್ಲಿ ಮದುವೆಯಾದ ಗಂಡು ಹೆಂಡತಿಯ ಮನೆಗೆ ಬರುವುದೇ ಹಿಂದಿನಿಂದ ಬಂದ ಪದ್ಧತಿ. ಅತ್ತೆ-ಮಾವಂದಿರ ಗದ್ದೆಯಲ್ಲಿ ಕೆಲವು ವರ್ಷ ದುಡಿದ ಮೇಲೆಯೇ ಬೇರೆ ಮನೆ. ಮನೆ ಮತ್ತು ತಂದೆತಾಯಿಯ ಆರೈಕೆ ಕಿರಿಯ ಮಗಳ ಪಾಲಿಗೆ. ನೆಲ ಬಹುಮಟ್ಟಿಗೆ ಹೆಣ್ಣುಮಕ್ಕಳ ಮೂಲಕವೇ ಇಳಿಯುತ್ತದೆ. ಅಳಿಯಕಟ್ಟಿನ ತುಳುನಾಡನ್ನು ಬಲ್ಲ ಕನ್ನಡಿಗರಿಗೆ ಇದರ ಬಗೆ ಸುಲಭವಾಗಿ ಅರ್ಥವಾಗುತ್ತದೆ, ಎರಡೂ ಒಂದೇ ಅಲ್ಲದಿದ್ದರೂ. ಫರಂಗ್ ರೈತನನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಆತನನ್ನು ವಲಸಿಗನೆಂದೋ ಸಾಹಸಿಯೆಂದೋ ಚಿತ್ರಿಸುತ್ತಾರೆ. ಹಳ್ಳಿಯ ಕಣ್ಣಿಗೆ ಆತ ಮನೆ ಅಳಿಯ. ನೆಲ ತನ್ನ ಹೆಸರಿನಲ್ಲಿಲ್ಲ ಎಂಬ ಸಂಕಟ ಅವನೊಬ್ಬನದಲ್ಲ. ಪಕ್ಕದ ಮನೆಯ ಲಾವೊ ಅಳಿಯನೂ ಹೆಂಡತಿಯ ನೆಲದಲ್ಲಿಯೇ ಉಳುತ್ತಾನೆ. ಕಾನೂನು ಹೊರಗಿನಿಂದ ಹೇರಿದ್ದನ್ನು ಹಳ್ಳಿಯ ಪದ್ಧತಿ ಮೊದಲೇ ಒಪ್ಪಿಕೊಂಡಿತ್ತು. ಇಸಾನ್ ಹಳ್ಳಿಗಳಲ್ಲಿ ಈ ಸಂಸಾರಗಳು ಇಷ್ಟು ಸಹಜವಾಗಿ ಬೇರುಬಿಟ್ಟದ್ದಕ್ಕೆ ಇದೇ ಮುಖ್ಯ ಕಾರಣವೆಂದು ತೋರುತ್ತದೆ.

ನೆಲಕ್ಕೆ ಸಂಬಂಧಿಸಿದ ಮೊದಲ ಪಾಠ ಕಾಗದದ್ದು. ಪಕ್ಕಾ ಹಕ್ಕುಪತ್ರವಾದ 'ಚನೋತ್' ಇರುವ ಜಮೀನು ಬೇರೆ, 1975ರ ಭೂಸುಧಾರಣೆಯಡಿ ಹಂಚಿದ 'ಸೊ ಪೊ ಕೊ' ಜಮೀನು ಬೇರೆ. ಎರಡನೆಯದು ಮಕ್ಕಳಿಗೆ ಇಳಿಯಬಹುದು, ಮುಕ್ತವಾಗಿ ಮಾರುವಂತಿಲ್ಲ. ನಮ್ಮ ಮಂಜೂರಾತಿ ಜಮೀನುಗಳ ವ್ಯಾಜ್ಯ ಕಂಡವರಿಗೆ ಇದರ ಅಪಾಯ ಬಿಡಿಸಿ ಹೇಳಬೇಕಿಲ್ಲ. ಗಂಡನ ಹೆಸರಿಗೆ ಏನಾದರೂ ಬೇಕೆಂದರೆ ಅನುಭೋಗದ ಹಕ್ಕೊಂದನ್ನು ಹಕ್ಕುಪತ್ರದ ಹಿಂಬದಿಯಲ್ಲಿ ನೋಂದಾಯಿಸಬಹುದು. ಅದು ಆತನ ಜೀವಿತಾವಧಿಯವರೆಗೆ. ಹೊಸದಾಗಿ ಬಂದವರಿಗೆ ಹಳಬರು ಮೊಟ್ಟಮೊದಲು ಹೇಳಿಕೊಡುವ ವಿದ್ಯೆ ಇದು.

ಎರಡನೆಯ ಪಾಠ ಭತ್ತ ಕಲಿಸುತ್ತದೆ. ಇಸಾನ್‌ನ ಹೆಸರಾಂತ ಮಲ್ಲಿಗೆ ಅಕ್ಕಿ, ಖಾವ್ ಡೋಕ್ ಮಲಿ 105, 1959ರಲ್ಲಿ ಬಿಡುಗಡೆಯಾದ ತಳಿ. ಊಟದ ಅಂಟಕ್ಕಿಯ ಆರ್‌ಡಿ6 ತಳಿಯನ್ನು ಇದೇ ಮಲ್ಲಿಗೆ ಭತ್ತಕ್ಕೆ ಗಾಮಾ ಕಿರಣ ಹಾಯಿಸಿ ಪಡೆದು 1977ರಲ್ಲಿ ಬಿಡುಗಡೆ ಮಾಡಿದರು. ಎರಡೂ ಹಗಲಿನ ಉದ್ದ ನೋಡಿ ಹೂ ಬಿಡುವ ಭತ್ತಗಳು. ಜೂನಿನಲ್ಲಿ ನೆಟ್ಟರೂ ಆಗಸ್ಟಿನಲ್ಲಿ ನೆಟ್ಟರೂ ಹೊಡೆ ಬಿಚ್ಚುವುದು ಹಗಲು ಕುಗ್ಗಿದ ಅಕ್ಟೋಬರಿನಲ್ಲೇ. ಬೇಗ ನೆಟ್ಟರೆ ಬೇಗ ಕೊಯ್ಲು ಎಂಬ ಲೆಕ್ಕ ಇಲ್ಲಿ ನಡೆಯದು. ಬೇಗ ನೆಟ್ಟ ಪೈರು ಮೊಣಕಾಲು ದಾಟಿ ಸೊಕ್ಕಿ ಬೆಳೆದು ಗಾಳಿಗೆ ಮಲಗುತ್ತದೆ. ಅತ್ತೆ ಅಗೆ ಹಾಕಲು ಏಕೆ ಕಾಯುತ್ತಿದ್ದಾರೆಂದು ಫರಂಗ್ ಅಳಿಯನಿಗೆ ತಿಳಿಯಲು ಒಂದು ಹಂಗಾಮು ಬೇಕು. ಒಂದು ರೈಗೆ ಸುಮಾರು 350 ಕಿಲೋ ಇಲ್ಲಿನ ಇಳುವರಿ. ಗೊಬ್ಬರ ಸುರಿದು ಅದನ್ನು ದುಪ್ಪಟ್ಟು ಮಾಡುತ್ತೇನೆಂದು ಹೊರಟವರಿಗೆ ಮರಳು ಮಣ್ಣು ಅಷ್ಟು ಸುಲಭವಾಗಿ ಒಲಿಯುವುದಿಲ್ಲ.

ಮೂರನೆಯದು ನೀರು. ಬೋರ್‌ವೆಲ್ ಆಳಕ್ಕಿಳಿದಂತೆ ಉಪ್ಪುನೀರಿನ ಭಯ. ಆದ್ದರಿಂದ ಇಸಾನ್ ಹೊಲದಲ್ಲಿ ಹೊಂಡವೇ ಜೀವಾಳ. ಭೂ ಅಭಿವೃದ್ಧಿ ಇಲಾಖೆ ನೀರಾವರಿ ಇಲ್ಲದ ರೈತರಿಗೆ 1,260 ಘನ ಮೀಟರಿನ ಹೊಂಡ ತೋಡಿಕೊಡುತ್ತದೆ. ರೈತ ಕಟ್ಟಬೇಕಾದದ್ದು 2,500 ಬಾತ್. ರಾಜ ಭೂಮಿಬೋಲ್ ಪ್ರಚುರಪಡಿಸಿದ 'ಹೊಸ ಸಿದ್ಧಾಂತ'ದ ಬೇಸಾಯದಲ್ಲಿ ನೆಲದ ಶೇ. 30 ಹೊಂಡಕ್ಕೆ, 30 ಭತ್ತಕ್ಕೆ, 30 ಹಣ್ಣು-ತರಕಾರಿಗೆ, ಉಳಿದ 10 ಮನೆ-ಕೊಟ್ಟಿಗೆಗೆ. 1997ರ ಕುಸಿತದ ನಂತರ ಇದು ನಾಡಿನ ಮಾತಾಯಿತು. ಇದನ್ನು ಮನಸಾರೆ ನಂಬಿದ ಫರಂಗರೂ ಇದ್ದರು. ಲಂಡನ್ನಿನಲ್ಲಿ ಲ್ಯಾಟಿನ್ ಓದಿ, ಖೋನ್ ಕೇನ್ ಪ್ರಾಂತದ ಹಳ್ಳಿಯಲ್ಲಿ ರೈತನಾಗಿ ನೆಲೆಸಿ, ನಿರರ್ಗಳ ಇಸಾನ್ ನುಡಿಯಲ್ಲಿ ಸ್ವಾವಲಂಬಿ ಬೇಸಾಯದ ಬಗ್ಗೆ ಮಾತಾಡುವ ಮಾರ್ಟಿನ್ ವೀಲರ್ ಥಾಯ್ ಸಭೆಗಳಲ್ಲಿ ಪರಿಚಿತ ಹೆಸರು. ಯಸೋಥೋನ್ ಮೂಲದ ಜೋನ್ ಜಂದಾಯ್ ಅಮೆರಿಕದ ಪೆಗ್ಗಿ ರೀಂಟ್ಸ್ ಜೊತೆ 2003ರಲ್ಲಿ ಚಿಯಾಂಗ್ ಮಾಯ್ ಬಳಿ ಕಟ್ಟಿದ ಪುನ್ ಪುನ್ ತೋಟ ನಾಟಿ ಬೀಜಗಳ ಸಂಗ್ರಹಕ್ಕೂ ಮಣ್ಣಿನ ಮನೆಗಳಿಗೂ ಹೆಸರಾಯಿತು. ಇವು ಎದ್ದು ಕಾಣುವ ಉದಾಹರಣೆಗಳು. ಬಹುಪಾಲು ಫರಂಗ್ ರೈತರ ಹೆಸರು ಅವರ ಹಳ್ಳಿಯಾಚೆ ಯಾರಿಗೂ ಗೊತ್ತಿಲ್ಲ. ಈ ಕಥೆ ನಿಜಕ್ಕೂ ಅವರದು.

ಅವರು ಕಲಿತದ್ದು ಒಬ್ಬರನ್ನೊಬ್ಬರು ನೋಡಲು ಹೋಗಿ. ನೂರು ಕಿಲೋಮೀಟರ್ ಪಿಕಪ್ ಓಡಿಸಿಕೊಂಡು ಇನ್ನೊಬ್ಬ ಫರಂಗನ ತೋಟಕ್ಕೆ ಹೋಗುವುದು ಈ ಬಾಳಿನ ಒಂದು ಪದ್ಧತಿಯೇ ಆಯಿತು. ಅಂಥ ಭೇಟಿಗೆ ಒಂದು ಕ್ರಮವಿದೆ. ಮೊದಲು ಹೊಂಡದ ದಡ: ಎಷ್ಟು ಆಳ, ಏಪ್ರಿಲ್‌ನಲ್ಲಿ ಎಷ್ಟು ನೀರು ಉಳಿಯಿತು, ಮೀನುಮರಿ ಎಲ್ಲಿಂದ ತಂದದ್ದು. ಆಮೇಲೆ ಪಂಪು, ಪವರ್ ಟಿಲ್ಲರ್. ಆಮೇಲೆ ಕೊಟ್ಟಿಗೆ, ಹಂದಿಯ ಗೂಡು, ಮೇವಿನ ತಾಕು. ಅತಿಥಿ ನೆಲಕ್ಕೆ ಕುಕ್ಕರುಗಾಲಿನಲ್ಲಿ ಕೂತು ಹುಲ್ಲಿನ ಗೆಣ್ಣು ಎಣಿಸುತ್ತಾನೆ. ಹೊರಡುವಾಗ ಪಿಕಪ್ಪಿನ ಹಿಂದೆ ಏನಾದರೂ ಏರಲೇಬೇಕು: ಕಬ್ಬಿನಂತೆ ಕಟ್ಟಿದ ಹುಲ್ಲಿನ ತುಂಡುಗಳು, ಮರಗೆಣಸಿನ ಕಡ್ಡಿ, ಬಾಳೆಗಿಡ, ಎರೆಹುಳುವಿನ ಬುಟ್ಟಿ.

ಅಷ್ಟರಲ್ಲಿ ಮರದಡಿಯ ಬಿದಿರಿನ ಜಗಲಿಯಲ್ಲಿ ಎರಡು ಮನೆಯ ಹೆಂಗಸರು ಒರಳಿನಲ್ಲಿ ಪರಂಗಿಕಾಯಿ ಕುಟ್ಟುತ್ತ ಲಾವೊ ನುಡಿಯಲ್ಲಿ ಮಾತಾಡುತ್ತಿರುತ್ತಾರೆ. ಈ ಸೀಮೆಯಲ್ಲಿ ಉಳುಮೆಗೆ ರೈಗೆ ಎಷ್ಟು ಕೊಡುತ್ತೀರಿ, ಕೊಯ್ಲಿಗೆ ಆಳು ಸಿಗುತ್ತಾರೆಯೇ, ಹಿಂದಿನ ಕಾಲದಂತೆ ಮುಯ್ಯಾಳಿಗೆ ಬರುವವರು ಇನ್ನೂ ಇದ್ದಾರೆಯೇ, ಯಾವ ಗಿರಣಿ ತೂಕದಲ್ಲಿ ಮೋಸ ಮಾಡುವುದಿಲ್ಲ, ಯಾವ ಹೊಲದ ಕಾಗದದಲ್ಲಿ ತಕರಾರಿದೆ? ಬೇಸಾಯ ಗೆಲ್ಲುವುದೋ ಸೋಲುವುದೋ ನಿರ್ಧಾರವಾಗುವುದು ಇಂಥ ಪ್ರಶ್ನೆಗಳ ಉತ್ತರದಿಂದ. ಗಂಡಸರು ಇಂಗ್ಲಿಷಿನಲ್ಲೋ ಜರ್ಮನ್ನಿನಲ್ಲೋ ಹಂಚಿಕೊಂಡದ್ದು ಯಂತ್ರದ, ತಳಿಯ ಅರಿವು. ಹೆಂಗಸರು ಹಂಚಿಕೊಂಡದ್ದು ಊರಿನ ಅರಿವು. ಎರಡನೆಯದಿಲ್ಲದೆ ನಿಂತ ಫರಂಗ್ ತೋಟ ಇಸಾನ್‌ನಲ್ಲಿ ಒಂದಾದರೂ ಇದೆಯೆಂದು ನಂಬುವುದು ಕಷ್ಟ.

ಆ ಪಿಕಪ್ಪುಗಳಲ್ಲಿ ಓಡಾಡಿದ ಹುಲ್ಲಿನ ತುಂಡುಗಳ ಕಥೆ ಸ್ವಲ್ಪ ಹೇಳಬೇಕು. ಇಸಾನ್‌ನ ಹೆಬ್ಬಾಗಿಲಾದ ಪಾಕ್ ಚೊಂಗ್‌ನಲ್ಲಿ ಪಶುಸಂಗೋಪನಾ ಇಲಾಖೆಯ ವಿಜ್ಞಾನಿ ಕ್ರೈಲಾಸ್ ಕಿಯೋಥೋಂಗ್ ನೇಪಿಯರ್ ಹುಲ್ಲನ್ನು ಸಜ್ಜೆಯೊಂದಿಗೆ ಸಂಕರಗೊಳಿಸಿ 'ಪಾಕ್ ಚೊಂಗ್ 1' ತಳಿ ಕೊಟ್ಟರು. ಎರಡು ಗೆಣ್ಣಿನ ತುಂಡು ನೆಟ್ಟರೆ ಆಯಿತು, ಎರಡು ತಿಂಗಳೊಳಗೆ ಆಳೆತ್ತರ. ಕರ್ನಾಟಕದ ಹೈನುಗಾರರು ಇವತ್ತು 'ಸೂಪರ್ ನೇಪಿಯರ್' ಎಂದು ಕಡ್ಡಿಗೆ ಇಷ್ಟೆಂದು ಕೊಟ್ಟು ತರುವ ಹುಲ್ಲು ಇದೇ. ಉಬೋನ್‌ನಲ್ಲಿ ಇನ್ನೊಂದು ಕೆಲಸ ನಡೆಯಿತು. ನ್ಯೂಜಿಲೆಂಡಿನವರಾದ ಮೈಕೆಲ್ ಹೇರ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಹಳ್ಳಿಯ ರೈತರಿಂದ ಹುಲ್ಲಿನ ಬೀಜ ಬೆಳೆಸುವ ವ್ಯವಸ್ಥೆ ಕಟ್ಟಿದರು. ಗಿನಿ ಹುಲ್ಲಿನ ತೆನೆಗಳನ್ನು ಹೊಲದಲ್ಲಿ ನಿಂತಂತೆಯೇ ಕಂತೆ ಕಟ್ಟಿ, ಆಗಾಗ ಅಲುಗಿಸಿ, ಉದುರಿದ ಮಾಗಿದ ಬೀಜವನ್ನಷ್ಟೇ ಹಿಡಿಯುತ್ತಾರೆ. ಸೂಕ್ಷ್ಮ ಕೈಗಳ, ತಾಳ್ಮೆಯ ಕೆಲಸ. ಆ ಬೀಜ ಹೊರದೇಶಗಳಿಗೂ ಹೋಗುತ್ತದೆ. ಹೊರಗಿನವನೊಬ್ಬ ತಂದ ವಿದ್ಯೆ ಹಳ್ಳಿಯವರ ಕೈಯಲ್ಲಿ ಜೀವನೋಪಾಯವಾದದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ದನಗಳ ವಿಷಯದಲ್ಲಿ ಕನ್ನಡ ನಾಡಿನ ಪಾಲೂ ಇದೆ. ಇಸಾನ್ ಹುಲ್ಲುಗಾವಲಿನಲ್ಲಿ ಕಾಣುವ ಬೂದುಬಣ್ಣದ, ಎತ್ತರ ಹಿಣಿಲಿನ ಅಮೆರಿಕನ್ ಬ್ರಾಹ್ಮನ್ ತಳಿಯನ್ನು ಅಮೆರಿಕದಲ್ಲಿ ರೂಪಿಸಿದ್ದು ಭಾರತದಿಂದ ಹೋದ ಗುಜೆರಾತ್, ಓಂಗೋಲ್, ಗಿರ್ ಮತ್ತು ನಮ್ಮ ಕೃಷ್ಣಾ ಕಣಿವೆ ತಳಿಗಳಿಂದ. ಸಕೋನ್ ನಖೋನ್ ಪ್ರಾಂತದಲ್ಲಿ ಫ್ರಾನ್ಸಿನ ನೆರವಿನಿಂದ 1980ರಲ್ಲಿ ಆರಂಭವಾದ ಪೋನ್ ಯಾಂಗ್ ಖಾಮ್ ಸಹಕಾರ ಸಂಘ ಇಲ್ಲಿನ ದನಗಳಿಗೆ ಶರೊಲೆ, ಲಿಮೋಸಿನ್ ರಕ್ತ ಬೆರೆಸಿ ಮಾಂಸಕ್ಕೆ ಹೆಸರು ಗಳಿಸಿತು. ಲಾವಂಚದ ದಾರಿಯೂ ಹೀಗೆಯೇ ನಮ್ಮ ಕಡೆಯಿಂದ ಹೋಗುತ್ತದೆ. ಗುಂಡ್ಲುಪೇಟೆಯ ರೈತರು ತಲೆಮಾರುಗಳಿಂದ ಹೊಲದ ಬದುವಿಗೆ ಲಾವಂಚ ನೆಟ್ಟು ಮಣ್ಣು ಹಿಡಿದಿಟ್ಟದ್ದನ್ನು 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಗುರುತಿಸಿ ಲೋಕಕ್ಕೆ ಸಾರಿದರು. 1991ರಿಂದ ರಾಜ ಭೂಮಿಬೋಲ್ ಅದನ್ನು ಥಾಯ್ಲೆಂಡಿನಲ್ಲಿ ಹಬ್ಬಿಸಿದರು. 1996ರಲ್ಲಿ ಲಾವಂಚದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ಚಿಯಾಂಗ್ ರಾಯ್‌ನಲ್ಲಿ. ಹೊಂಡದ ದಡ ಕುಸಿಯದಂತೆ ಲಾವಂಚ ನೆಡುವ ಫರಂಗನಿಗೆ ಗುಂಡ್ಲುಪೇಟೆಯ ಹೆಸರು ಗೊತ್ತಿರಲಿಕ್ಕಿಲ್ಲ. ಋಣವಂತೂ ಇದೆ.

ಸೋಲಿನ ಪಟ್ಟಿ ಚಿಕ್ಕದಲ್ಲ. 2004ರಲ್ಲಿ ಸರ್ಕಾರ ಉತ್ತರ ಮತ್ತು ಈಶಾನ್ಯದಲ್ಲಿ ಹತ್ತು ಲಕ್ಷ ರೈ ರಬ್ಬರ್ ನೆಡುವ ಯೋಜನೆ ಹೂಡಿತು. ಪಿಂಚಣಿಯ ಹಣ ಹಾಕಿ ಅನೇಕ ಫರಂಗ್ ಕುಟುಂಬಗಳೂ ನೆಟ್ಟವು. ಇಲ್ಲಿ ರಬ್ಬರ್ ಹಾಲು ಕೊಡಲು ಏಳು ವರ್ಷ. 2011ರ ಆರಂಭದಲ್ಲಿ ಕಿಲೋಗೆ 180 ಬಾತ್ ಸಮೀಪಿಸಿದ ಬೆಲೆ, ಇವರ ಮರಗಳು ಚಾಕು ಕಾಣುವ ಹೊತ್ತಿಗೆ ಇಳಿಯತೊಡಗಿ ಕೆಲವೇ ವರ್ಷದಲ್ಲಿ 40ರ ಆಸುಪಾಸಿಗೆ ಬಿತ್ತು. ನಡುರಾತ್ರಿ ಹಣೆಗೆ ದೀಪ ಕಟ್ಟಿಕೊಂಡು ಮರ ಕೆತ್ತಿದ ಹೆಂಡತಿಯ ತಮ್ಮನಿಗೆ ಅರ್ಧ ಪಾಲು ಕೊಟ್ಟರೆ ಉಳಿಯುವುದು ಅಷ್ಟಕ್ಕಷ್ಟೆ.

ಮರಗೆಣಸಿಗೆ ಬಂದ ಆಪತ್ತು ಭೇಟಿಯ ಪದ್ಧತಿಗೇ ಪೆಟ್ಟು ಕೊಟ್ಟಿತು. 2008ರಲ್ಲಿ ದಕ್ಷಿಣ ಅಮೆರಿಕ ಮೂಲದ ಗುಲಾಬಿ ಹಿಟ್ಟುತಿಗಣೆ ಥಾಯ್ಲೆಂಡಿನಲ್ಲಿ ಕಾಣಿಸಿಕೊಂಡು ಹೊಲಹೊಲವನ್ನೇ ಸುಟ್ಟಂತೆ ಮಾಡಿತು. ಅದನ್ನು ಹತೋಟಿಗೆ ತಂದದ್ದು ಆಫ್ರಿಕದ ಬೆನಿನ್‌ನಿಂದ 2009ರಲ್ಲಿ ತರಿಸಿ ಸಾಕಿ ಬಿಟ್ಟ ಒಂದು ಪುಟ್ಟ ಪರೋಪಜೀವಿ ಕಣಜ. ಹತ್ತು ವರ್ಷ ಕಳೆಯುವುದರೊಳಗೆ, 2018ರಲ್ಲಿ, ಎಲೆ ಮುರುಟಿಸುವ ಮೊಸಾಯಿಕ್ ವೈರಸ್ ಕಾಂಬೋಡಿಯ ಗಡಿಯ ಕಡೆಯಿಂದ ಒಳಬಂತು. ಅದು ಹರಡುವುದು ಬಿಳಿನೊಣದಿಂದ, ಜೊತೆಗೆ ನಾಟಿ ಕಡ್ಡಿಯಿಂದ. ಗೆಳೆಯನ ತೋಟದಿಂದ ಪ್ರೀತಿಯಿಂದ ತಂದ ಕಡ್ಡಿಯ ಕಂತೆಯೇ ರೋಗದ ವಾಹನವಾಗಬಹುದೆಂದ ಮೇಲೆ ಕೊಡುವವನೂ ತರುವವನೂ ಯೋಚಿಸಬೇಕಾಯಿತು. 2021ರಲ್ಲಿ ರೋಯ್ ಎತ್ ಪ್ರಾಂತದಿಂದ ದನಗಳ ಚರ್ಮಗಂಟು ರೋಗ ಹಬ್ಬಿತು. ಮರುವರ್ಷ ಕರ್ನಾಟಕದ ಕೊಟ್ಟಿಗೆಗಳನ್ನು ಕಾಡಿದ್ದೂ ಅದೇ. 2022ರ ಜನವರಿಯಲ್ಲಿ ಆಫ್ರಿಕನ್ ಹಂದಿಜ್ವರ ಇರುವುದನ್ನು ಸರ್ಕಾರ ಅಧಿಕೃತವಾಗಿ ಒಪ್ಪಿತು. ಅದಕ್ಕೂ ಮುಂಚೆ ಕೋವಿಡ್. ಹಂದಿ ಸಾಕುವ ಮನೆಯ ಗೇಟಿಗೆ ಬೀಗ ಬಿತ್ತು, ಒಳಗೆ ಹೋಗುವವನ ಚಕ್ರಕ್ಕೆ ಔಷಧ, ಕಾಲಿಗೆ ಸುಣ್ಣ. ಬೇರೆ ತೋಟದ ಬೂಟು ಧರಿಸಿ ಬರುವ ಅತಿಥಿಯನ್ನು ಒಳಗೆ ಬಿಡದಿರುವುದೇ ಒಳ್ಳೆಯ ಬೇಸಾಯವಾಯಿತು.

1997ರ ನಂತರ ಐವತ್ತರ ಗಡಿಯಲ್ಲಿ ಬಂದವರು ಈಗ ಎಪ್ಪತ್ತೈದು ದಾಟಿದ್ದಾರೆ. ಹೆಂಡತಿ ಮೊದಲು ತೀರಿಕೊಂಡರೆ ಕಾನೂನು ಕಠಿಣವಾಗಿದೆ: ಉತ್ತರಾಧಿಕಾರದಿಂದ ಬಂದ ನೆಲವನ್ನು ವಿದೇಶಿ ಗಂಡ ಇಟ್ಟುಕೊಳ್ಳುವಂತಿಲ್ಲ, ಗೊತ್ತಾದ ಅವಧಿಯೊಳಗೆ, ಹೆಚ್ಚೆಂದರೆ ಒಂದು ವರ್ಷದಲ್ಲಿ, ವಿಲೇವಾರಿ ಮಾಡಬೇಕು. ಮಕ್ಕಳಿಗೆ ಆ ತೊಡಕಿಲ್ಲ. 1992ರ ತಿದ್ದುಪಡಿಯ ನಂತರ ತಾಯಿ ಥಾಯ್ ಆಗಿದ್ದರೆ ಎಲ್ಲಿ ಹುಟ್ಟಿದ ಮಗುವಾದರೂ ಥಾಯ್ ಪ್ರಜೆಯೇ. ಆ ಮಕ್ಕಳು ಬ್ಯಾಂಕಾಕಿಗೋ ಯುರೋಪಿಗೋ ಓದಲು ಹೋಗಿದ್ದಾರೆ. ಹೊಲಕ್ಕೆ ಮರಳುವರೇ ಎಂಬ ಪ್ರಶ್ನೆ ಪಕ್ಕದ ಲಾವೊ ಮನೆಯಲ್ಲೂ ಇದೆ, ನಮ್ಮ ಹಾವೇರಿ, ಮಂಡ್ಯಗಳ ಮನೆಗಳಲ್ಲೂ ಇದೆ.

ಈ ಮದುವೆಗಳ ಬಗ್ಗೆ ಒಳ್ಳೆಯ ಅಧ್ಯಯನಗಳಾಗಿವೆ. ಖೋನ್ ಕೇನ್ ವಿಶ್ವವಿದ್ಯಾಲಯದ ಪಚರಿನ್ ಲಪಾನುನ್ ಉಡೋನ್ ಪ್ರಾಂತದ ಒಂದು ಹಳ್ಳಿಯನ್ನು ಕುರಿತು ಬರೆದ ಪುಸ್ತಕ 2019ರಲ್ಲಿ ಬಂತು. ಇವರ ಬೇಸಾಯವನ್ನೂ ಅಷ್ಟೇ ಶ್ರದ್ಧೆಯಿಂದ ದಾಖಲಿಸಬೇಕು. ಯಾವ ಹೊಂಡ ಏಪ್ರಿಲ್‌ವರೆಗೆ ನಿಂತಿತು, ಯಾವ ಹುಲ್ಲು ಉಪ್ಪುಮಣ್ಣಿಗೆ ಒಗ್ಗಿತು, ಯಾವ ತಳಿಯ ಹಂದಿ ಬಿಸಿಲು ತಾಳಿತು ಎಂಬುದೆಲ್ಲ ಈಗ ವಯಸ್ಸಾದವರ ನೆನಪಿನಲ್ಲಷ್ಟೇ ಇದೆ. ಆ ಕೆಲಸಕ್ಕೆ ಹೊರಡುವವರು ಇಂಗ್ಲಿಷ್ ಬಲ್ಲ ಗಂಡನ ಬಳಿಗೆ ಮೊದಲು ಹೋಗಬೇಡಿ. ಲಾವೊ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು, ಹಕ್ಕುಪತ್ರದ ಮೇಲೆ ಹೆಸರಿರುವ ಆ ಹೆಂಗಸಿನ ಬಳಿ ಮೊದಲು ಕೂತು ಕೇಳಿ.